ಕ್ಯಾನ್ಸರ್ ಫೈಲಿನಲ್ಲಿ ರಕ್ತದ ಗುಂಪು: ಯಾವ ಸಾಲನ್ನು ಮೊದಲು ಓದಬೇಕು?

ಗಂಗಾವತಿಯ ನಮ್ಮ ದೊಡ್ಡಮ್ಮನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾದ ದಿನ ಅವರು ಕೇಳಿದ ಮೊದಲ ಮಾತು ಇದು: ‘ನನ್ನದು ಬಿ ಪಾಸಿಟಿವ್. ಈ ರಕ್ತದವರು ಜಾಸ್ತಿ ದಿನ ಉಳಿಯಲ್ಲವಂತೆ, ಹೌದಾ?’ ಪಕ್ಕದ ಮನೆಯವರ ಮೊಬೈಲಿಗೆ ಅಂಥದ್ದೊಂದು ಸುದ್ದಿ ಬಂದಿತ್ತು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ರಿಪೋರ್ಟು ತುಂಬಿಕೊಂಡು ಕೂತಿದ್ದರು. ಮೇಲಿನ ಚೀಟಿಯಲ್ಲಿ ರಕ್ತದ ಗುಂಪನ್ನು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದರು. ಅವರ ಕಣ್ಣು ಅಲ್ಲೇ ನೆಟ್ಟಿತ್ತು.

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದರೆ ಹೀಗೆ ಮಾಡಿ.

ಮೊದಲು ಸುದ್ದಿಯನ್ನು ಬಿಡಿಸಿ ನೋಡಿ

ಕಾಯಿಲೆ ಬರುವುದು ಬೇರೆ, ಬಂದ ಮೇಲೆ ಉಳಿಯುವುದು ಬೇರೆ. ಸುದ್ದಿ ಯಾವುದರ ಬಗ್ಗೆ ಹೇಳುತ್ತಿದೆ? 1953ರಲ್ಲಿ ಬ್ರಿಟನ್ನಿನ ವೈದ್ಯರು ಹೊಟ್ಟೆ ಕ್ಯಾನ್ಸರ್ ರೋಗಿಗಳಲ್ಲಿ ಎ ಗುಂಪಿನವರು ಸ್ವಲ್ಪ ಜಾಸ್ತಿ ಇರುವುದನ್ನು ಕಂಡರು. 2009ರಲ್ಲಿ ಅಮೆರಿಕದ ಅಧ್ಯಯನವೊಂದು ಒ ಗುಂಪಿನವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಡಿಮೆ ಎಂದಿತು. ಇದಕ್ಕೆ ಕಾರಣ ಇರಬಹುದು. ಎ, ಬಿ ಗುರುತುಗಳು ರಕ್ತಕಣದ ಮೇಲಷ್ಟೇ ಅಲ್ಲ, ಹೊಟ್ಟೆ, ಕರುಳಿನ ಒಳಪದರದ ಮೇಲೂ ಇರುತ್ತವೆ. ಆದರೆ ಈ ಎರಡೂ ಅಧ್ಯಯನ ಹೇಳುವುದು ಕಾಯಿಲೆ ಬರುವ ಮಾತು. ಇಂಥ ಸುದ್ದಿಯಲ್ಲಿ ‘ಮೂರನೇ ಒಂದು ಭಾಗ ಹೆಚ್ಚಳ’ ಅಂದರೆ ಎದೆ ಧಸಕ್ಕೆನ್ನುತ್ತದೆ. ಲಕ್ಷಕ್ಕೆ ಮೂವರಿಗೆ ಬರುವುದು ನಾಲ್ವರಿಗೆ ಬಂದರೂ ಅದು ಅಷ್ಟೇ ಹೆಚ್ಚಳ, ಅಲ್ವಾ?

ಉಳಿಯುವ ವಿಚಾರಕ್ಕೆ ಬಂದರೆ ಅಧ್ಯಯನಗಳ ಮಾತು ಒಂದಕ್ಕೊಂದು ಕೂಡುವುದಿಲ್ಲ. ಕೆಲವು ಒ ಗುಂಪಿಗೆ ತುಸು ಅನುಕೂಲ ಎನ್ನುತ್ತವೆ, ಕೆಲವು ವ್ಯತ್ಯಾಸವೇ ಇಲ್ಲ ಎನ್ನುತ್ತವೆ. ಕ್ಯಾನ್ಸರಿನ ಹಂತ ಹೇಳುವ ಲೆಕ್ಕದಲ್ಲಿ ರಕ್ತದ ಗುಂಪಿಗೆ ಜಾಗವಿಲ್ಲ. ಇನ್ನೊಂದು ಮಾತು. ನಮ್ಮ ದೇಶದಲ್ಲಿ ಒ ಮತ್ತು ಬಿ ಗುಂಪಿನವರೇ ಹೆಚ್ಚು. ಹಾಗಾಗಿ ತೀರಿಕೊಂಡವರಲ್ಲೂ ಬಿ ಜಾಸ್ತಿ ಕಾಣುತ್ತದೆ, ಗುಣವಾಗಿ ಮನೆಗೆ ಬಂದವರಲ್ಲೂ ಕಾಣುತ್ತದೆ.

ಆಮೇಲೆ ಬಯಾಪ್ಸಿ ರಿಪೋರ್ಟು ಹೊರಗೆ ತೆಗೆಯಿರಿ

ನಾನು ಚೀಲ ಸುರುವಿ ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದ ರಿಪೋರ್ಟನ್ನು ಮೇಲಿಟ್ಟೆ. ವೈದ್ಯರನ್ನು ಕೇಳಬೇಕಾದದ್ದು: ಯಾವ ಹಂತ? ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳ? ಕುತ್ತಿಗೆಯ ಗಂಟುಗಳಿಗೆ ಹರಡಿದೆಯಾ? ಬಾಯಿ ಕ್ಯಾನ್ಸರಿನಲ್ಲಿ ಕೊನೆಯ ಪ್ರಶ್ನೆಯೇ ಮುಖ್ಯ. ಗಂಟಿಗೆ ಹರಡಿದರೆ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಪರೇಷನ್ ಆದ ಮೇಲೆ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಅಂತಲೂ ಕೇಳಿ.

ಕರೆಂಟು ತಪ್ಪಿಸಬೇಡಿ

ನಮ್ಮ ಕಡೆ ರೇಡಿಯೇಷನ್ನಿಗೆ ‘ಕರೆಂಟ್ ಇಡುವುದು’ ಅನ್ನುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6–7 ವಾರ ಇರುತ್ತದೆ. ಭತ್ತ ಕೊಯ್ಲಿಗೆ ಬಂತು, ಊರ ಜಾತ್ರೆ ಬಂತು ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನಿಂದ ವಾಪಸ್ ಬಂದುಬಿಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹಿಡಿತಕ್ಕೆ ಸಿಗುವ ಸಾಧ್ಯತೆ ಸುಮಾರು ಶೇ 1ರಷ್ಟು ತಗ್ಗುತ್ತದೆ. ಯಾವ ರಕ್ತದ ಗುಂಪೂ ಆ ನಷ್ಟವನ್ನು ತುಂಬಿಕೊಡುವುದಿಲ್ಲ. ಹಣದ ಚಿಂತೆಗೆ ಬಿಪಿಎಲ್ ಕಾರ್ಡು ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ರಕ್ತದ ಗುಂಪು ಬೇಕಾಗುವುದು ಇಲ್ಲಿ

ಆಪರೇಷನ್ನಿಗೆ, ಕೀಮೋ ನಡುವೆ ರಕ್ತ ಕಡಿಮೆಯಾದಾಗ ಆ ಕೆಂಪು ಅಕ್ಷರ ಕೆಲಸಕ್ಕೆ ಬರುತ್ತದೆ. ಕೊಡುವವರ ಪಟ್ಟಿ ಮೊದಲೇ ಮಾಡಿಡಿ. ವಯಸ್ಸು 18 ದಾಟಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಪ್ಲೇಟ್‌ಲೆಟ್ 5 ದಿನವಷ್ಟೇ ಉಳಿಯುತ್ತದೆ. ಎಲ್ಲರನ್ನೂ ಒಂದೇ ದಿನ ಸುಮ್ನೆ ಕರೆಸಿಕೊಳ್ಳಬೇಡಿ.

ಮನೆಯವರ ಬಾಯಿಯನ್ನೂ ನೋಡಿ

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಬಿಳಿ ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ತಡ ಮಾಡಬೇಡಿ. ಗುಟ್ಕಾ, ಅಡಿಕೆ ಅಗಿಯುವವರು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟು ನೋಡಲಿ. ಹೋಗದಿದ್ದರೆ ಒಳಚರ್ಮ ಬಿಗಿಯುತ್ತಿರಬಹುದು.

ಇದನ್ನು ಹೇಳುತ್ತಿದ್ದಾಗ ದೊಡ್ಡಮ್ಮನ ಕಿರಿಮಗ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. ತಾನೂ ಬೆರಳಿಟ್ಟು ನೋಡಿದ. ಎರಡೇ ಹೋದವು. ಸೋಮವಾರ ಅವನನ್ನೂ ತೋರಿಸಲು ಕರೆದುಕೊಂಡು ಹೋಗುತ್ತಿದ್ದೇವೆ.