ಹೊಸಬರಿಗೆ ಮಾರ್ಗದರ್ಶಿ: ಮನೆ ಸಿಕ್ಕಿತು, ಇನ್ನು ಊರೊಳಗೆ ಇಳಿಯಿರಿ

ಇಂಗ್ಲೆಂಡಿಗೆ ಬಂದಾಯ್ತು. ತೊಗರಿಬೇಳೆ, ರಾಗಿಹಿಟ್ಟು ಎಲ್ಲಿ ಸಿಗುತ್ತೆ ಅಂತ ನಾವು ಹೇಳಬೇಕಾಗಿಲ್ಲ, ಮೊದಲ ವಾರದಲ್ಲೇ ನೀವು ಪತ್ತೆ ಮಾಡಿರುತ್ತೀರಿ. ಆದರೆ ಎದುರು ಮನೆಯವರ ಹೆಸರು ಗೊತ್ತಾ? ನಮಗೂ ಎರಡು ವರ್ಷ ಗೊತ್ತಿರಲಿಲ್ಲ. ಆಫೀಸು, ಮನೆ, ವಾರದ ಕೊನೆಗೆ ನಮ್ಮವರ ಮನೆ ಊಟ, ಅಷ್ಟೇ ಪ್ರಪಂಚವಾಗಿತ್ತು. ಅದಕ್ಕೇ ಈ ಭಾಗ ಬರೆದದ್ದು.

ಮೊದಲು ವೋಟು

ಇದನ್ನು ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ಪ್ರತಿ ವರ್ಷ ಮತದಾರರ ಪಟ್ಟಿಯ ಕಾಗದ ಬರುತ್ತಿತ್ತು. ನಮ್ಮದು ಇಂಡಿಯನ್ ಪಾಸ್‌ಪೋರ್ಟ್, ನಮಗ್ಯಾಕೆ ಅಂತ ಪಿಜ್ಜಾ ಜಾಹೀರಾತಿನ ಜೊತೆ ಅದನ್ನೂ ರೀಸೈಕ್ಲಿಂಗ್ ಡಬ್ಬಿಗೆ ಹಾಕುತ್ತಿದ್ದೆ. ಹಾಗೇ ಆರು ವರ್ಷ ಕಳೆಯಿತು. ಒಂದು ದಿನ ಪಕ್ಕದ ಮನೆಯ ಅಜ್ಜಿ, "ನೀವು ಕಾಮನ್‌ವೆಲ್ತ್‌ನವರಲ್ವಾ? ನಿಮಗೂ ವೋಟಿದೆ" ಅಂದರು.

ನಿಜ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಭಾರತೀಯರು 18 ತುಂಬಿದ್ದರೆ ಕೌನ್ಸಿಲ್ ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು. ಸಿಟಿಜನ್‌ಶಿಪ್ ಬರಲಿ ಅಂತ ಕಾಯಬೇಕಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ಸೇರಿಸಲು ಚಹಾ ಆರುವಷ್ಟು ಹೊತ್ತೂ ಬೇಡ. ಇಲ್ಲಿ ಕೆಲಸಕ್ಕೆ, ತೆರಿಗೆಗೆ ಬೇಕಾಗುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಲಿ ಇಟ್ಟುಕೊಳ್ಳಿ. ಇನ್ನೊಂದು ಲಾಭವೂ ಇದೆ. ಸಾಲ ಕೊಡುವವರು ನಿಮ್ಮ ವಿಳಾಸ ನೋಡುವುದು ಈ ಪಟ್ಟಿಯಲ್ಲೇ. ಬಂದ ಹೊಸದರಲ್ಲಿ ಒಂದು ಅಂಗಡಿಯವರು ನನಗೆ ಫೋನ್ ಕಾಂಟ್ರ್ಯಾಕ್ಟ್ ಕೊಡದೆ ಕಳಿಸಿದ್ದರು, ಪಟ್ಟಿಯಲ್ಲಿ ಹೆಸರಿಲ್ಲದಿದ್ದುದೂ ಒಂದು ಕಾರಣ ಅಂತ ಆಮೇಲೆ ತಿಳಿಯಿತು.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ವಾರದ ದಿನವೇ, ಸಾಮಾನ್ಯವಾಗಿ ಗುರುವಾರ. ರಜೆ ಇಲ್ಲ. 2023ರಿಂದ ಫೋಟೋ ಇರುವ ಗುರುತಿನ ಚೀಟಿ ಬೇಕು, ನಮ್ಮ ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ. ಒಳಗೆ ಬಟನ್ ಇಲ್ಲ, ಪೆನ್ಸಿಲ್‌ನಲ್ಲಿ ಗುಣಾಕಾರದ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಬೇಕು. ಮೊದಲ ಸಲ ನಾನು ವೋಟು ಹಾಕಿ, ಅಭ್ಯಾಸಬಲದಿಂದ ಮೇಜಿನ ಮುಂದೆ ಎಡಗೈ ತೋರುಬೆರಳು ಚಾಚಿ ನಿಂತುಬಿಟ್ಟೆ. ಮೈಸೂರಿನ ಶಾಯಿ ಇಲ್ಲೆಲ್ಲಿ ಬರಬೇಕು? ಅಲ್ಲಿದ್ದ ಹೆಂಗಸು ಒಂದು ಕ್ಷಣ ನೋಡಿ, ನಗುತ್ತಾ ನನ್ನ ಕೈ ಕುಲುಕಿದರು.

ಕೌನ್ಸಿಲರ್ ಸರ್ಜರಿ

ಹೆದರಬೇಡಿ, ಆಪರೇಷನ್ ಅಲ್ಲ. ನಿಮ್ಮ ವಾರ್ಡಿನ ಕೌನ್ಸಿಲರ್ ಲೈಬ್ರರಿಯಲ್ಲೋ ಚರ್ಚ್ ಹಾಲ್‌ನಲ್ಲೋ ಕೂತು ಜನರ ದೂರು ಕೇಳುವ ಹೊತ್ತಿಗೆ ಇಲ್ಲಿ ಹಾಗನ್ನುತ್ತಾರೆ. ಬೀದಿದೀಪ, ಬಿನ್, ಪಾರ್ಕಿಂಗ್ ಏನೇ ಇರಲಿ, ಹೋಗಿ ಹೇಳಿ. ಶಿಫಾರಸು ಬೇಡ, ಯಾರ ಕಡೆಯವರು ಅಂತ ಯಾರೂ ಕೇಳಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗೊಣಗಿದರೆ ಹೊಂಡ ಮುಚ್ಚಲ್ಲ.

ನಮ್ಮವರಿಗೆ ಇದೆಲ್ಲ ಆಗಲ್ಲ ಅನ್ನುವವರಿಗೆ ಒಂದು ಮಾತು. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, ಮೇಯರ್ ಕೂಡ ಆದರು. ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು ಅವರ ಪ್ರಯತ್ನದಿಂದ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದರು. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಹೋಗುತ್ತೀರಿ, ಗೊತ್ತು.

ಶಾಲೆ, ಮತ್ತು ನನ್ನ ಚಿತ್ರಾನ್ನ

ಮಗಳ ಶಾಲೆಯಲ್ಲಿ ಎಲ್ಲ ದೇಶದ ತಿಂಡಿ ತರುವ ಸಂಜೆ. ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಕಲಸಿ, ಮೇಲೆ ಹುರಿದ ಕಡಲೆಬೀಜ ಉದುರಿಸಿ ಒಯ್ದೆ. ಟೀಚರ್ ಮುಚ್ಚಳ ತೆಗೆದರು, ಬೀಜ ನೋಡಿದರು, ಮುಚ್ಚಳ ಹಾಕಿದರು. ಪಾತ್ರೆ ಸೀದಾ ಕಾರಿಡಾರಿಗೆ ಹೋಯಿತು. ಮೇಜು ಒರೆಸಿದರು. ನನಗೆ ಕಣ್ಣಲ್ಲಿ ನೀರು. ಮೂರು ದಿನ ಮನೆಯಲ್ಲಿ ಅದೇ ಊಟ.

ಅವರ ತಪ್ಪಲ್ಲ. ಕಡಲೆಬೀಜದ ಅಲರ್ಜಿ ಇರುವ ಮಗುವಿಗೆ ಒಂದು ಕಾಳೂ ಪ್ರಾಣಕ್ಕೆ ಕುತ್ತು. ಇಲ್ಲಿನ ಕಾನೂನಿನ ಅಲರ್ಜಿ ಪಟ್ಟಿಯಲ್ಲಿ 14 ಪದಾರ್ಥಗಳಿವೆ. ಕಡಲೆಬೀಜ, ಗೋಡಂಬಿ, ಹಾಲು, ಗೋಧಿ, ಎಳ್ಳು ಇವೆ. ಸಾಸಿವೆಯೂ ಇದೆ! ಒಗ್ಗರಣೆ ಇಲ್ಲದ ಅಡುಗೆ ನಮ್ಮಲ್ಲಿ ಯಾವುದಿದೆ ಹೇಳಿ. ಡಬ್ಬಿಯ ಇಂಗಿನಲ್ಲಿ ಬಹಳ ಸಲ ಗೋಧಿಹಿಟ್ಟು ಬೆರೆತಿರುತ್ತದೆ, ಅದನ್ನೂ ನೋಡಿ. ಮೊದಲು ಶಾಲೆಯ ಆಫೀಸಿನಲ್ಲಿ ಕೇಳಿ, ಆಮೇಲೆ ಒಲೆ ಹಚ್ಚಿ. ಹಾಕಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಪಾತ್ರೆಗೆ ಅಂಟಿಸಿ. ಸಂಕ್ರಾಂತಿಗೆ ಕ್ಲಾಸಿನಲ್ಲಿ ಎಳ್ಳುಬೆಲ್ಲ ಹಂಚುವ ಯೋಚನೆ ಬೇಡವೇ ಬೇಡ.

ಪಿಟಿಎ, ಅಂದರೆ ಪೋಷಕರು-ಶಿಕ್ಷಕರ ಸಂಘದವರಿಗೆ ನಿಮ್ಮ ಒಂದು ಗಂಟೆ ಸಿಕ್ಕರೂ ಸಾಕು, ಬೇಸಿಗೆ ಮೇಳದಲ್ಲಿ ಅಂಗಡಿ ಮುಂದೆ ನಿಂತರೆ ಆಯ್ತು. ಸ್ಕೂಲ್ ಗವರ್ನರ್, ಅಂದರೆ ಶಾಲೆಯ ಆಡಳಿತ ಮಂಡಳಿ ಸದಸ್ಯರು ಕೂಡ ಆಗಬಹುದು. ಸಂಬಳವಿಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿ. ಮಕ್ಕಳ ಜೊತೆಗಿನ ಕೆಲಸಕ್ಕೆ ಡಿಬಿಎಸ್ ಚೆಕ್ ಕೇಳುತ್ತಾರೆ. ಅದು ನಮ್ಮ ಪೊಲೀಸ್ ವೆರಿಫಿಕೇಶನ್ ಇದ್ದ ಹಾಗೆ. ನನ್ನ ಮೇಲೇ ಅನುಮಾನವಾ ಅಂತ ಮುನಿಸಿಕೊಳ್ಳಬೇಡಿ, ಎಲ್ಲರಿಗೂ ಅದೇ.

ಇನ್ನು ಕೆಲವು

– ಪಾರ್ಕ್‌ರನ್: ಪಾರ್ಕಿನಲ್ಲಿ ಎಲ್ಲರೂ ಸೇರಿ ಓಡುವುದು. ಶನಿವಾರ ಬೆಳಿಗ್ಗೆ 9ಕ್ಕೆ, 5 ಕಿಲೋಮೀಟರ್, ದುಡ್ಡಿಲ್ಲ. ನಡೆದರೂ ಆಗುತ್ತೆ.
– ಲೈಬ್ರರಿ: ಕಾರ್ಡ್ ಉಚಿತ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಓದಿನ ಚಾಲೆಂಜ್.
– ಅಲಾಟ್‌ಮೆಂಟ್: ಕೌನ್ಸಿಲ್ ಬಾಡಿಗೆಗೆ ಕೊಡುವ ತೋಟದ ತುಂಡು. ಸರದಿ ಉದ್ದ, ಇವತ್ತೇ ಹೆಸರು ಬರೆಸಿ. ಬೇಸಿಗೆಯಲ್ಲಿ ಮೆಂತ್ಯ ಸೊಪ್ಪು ಬರುತ್ತೆ.
– ರಕ್ತದಾನ: ಊರಿಗೆ ಹೋಗಿ ಬಂದಿದ್ದರೆ ಮಲೇರಿಯಾ ಕಾರಣಕ್ಕೆ ಕೆಲವು ತಿಂಗಳು ಕಾಯಿಸುತ್ತಾರೆ.
– ದೀಪಾವಳಿ ರಾತ್ರಿ ಪಟಾಕಿಗೆ 1 ಗಂಟೆವರೆಗೆ ಅವಕಾಶವಿದೆ. ಆದರೂ ಅಕ್ಕಪಕ್ಕದವರಿಗೆ ಮೊದಲೇ ಹೇಳಿ. ನಾಯಿ ಸಾಕಿದವರಿಗೆ ತಪ್ಪದೆ.

ನಮ್ಮ ಕೂಟ

ಹೋಳಿಗೆ ಊಟ 1 ಗಂಟೆಗೆ ಅಂದರೆ ಸರಿಯಾಗಿ 12:55ಕ್ಕೆ ಬರುತ್ತೀರಿ. ಮುಗಿದ ಮೇಲೆ ಕುರ್ಚಿ ಮಡಚುವಾಗ ಪಾರ್ಕಿಂಗ್ ಟೈಮ್ ಮುಗಿದಿರುತ್ತೆ. ಸುಮ್ನೆ ಹೇಳಿದೆ. ಯುಗಾದಿ ದಿನ ಹಾಲ್‌ನ ಬೀಗ ಬೆಳಿಗ್ಗೆ 8ಕ್ಕೆ ತೆಗೆಯುತ್ತೇವೆ. ಕುರ್ಚಿ ಹಾಕಲು ಎಂಟು ಜನ ಬೇಕು, ಸದ್ಯ ಮೂವರಿದ್ದೇವೆ.