ಫೋರ್ಟ್‌ನಲ್ಲಿ ಮಳೆ ಎಷ್ಟಿತ್ತು?

2005ರ ಜುಲೈ 26ರ ಮುಂಬಯಿ ಮಳೆ ಬಗ್ಗೆ ಒಂದು ಉದ್ದದ ಬರಹ ಮಾಡಿದೆ. ಅದರಲ್ಲಿ ಬರುವವರು ದೊಡ್ಡ ಮನುಷ್ಯರಲ್ಲ. ಆಗ ದಕ್ಷಿಣ ಮುಂಬಯಿಯ ಫೋರ್ಟ್ ಬಡಾವಣೆಯ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ, ಉತ್ತರಕ್ಕಿರುವ ಉಪನಗರ ಕುರ್ಲಾದಲ್ಲಿ ಮನೆಯಿದ್ದ ಕುಂದಾಪುರ ಕಡೆಯವರೊಬ್ಬರು. ಕಥೆ ಥರ ಓದಿಸಿಕೊಂಡು ಹೋಗಬೇಕು, ಆದರೆ ಒಂದು ಸಾಲೂ ಕಟ್ಟಿದ್ದಾಗಿರಬಾರದು ಅಂತ ನಾನೇ ಷರತ್ತು ಹಾಕಿಕೊಂಡಿದ್ದೆ.

ಅವರು ಶುರುವಿಗೇ ಒಂದು ಮಾತು ಹೇಳಿದರು. "ಫೋರ್ಟ್‌ನಲ್ಲಿ ಅಂಥಾ ಮಳೆಯೇ ಇರಲಿಲ್ಲ ಮಾರಾಯ್ರೆ." ಊರೇ ಮುಳುಗಿದ ದಿನ ಅಲ್ವಾ? ನೆನಪು ಕೈಕೊಟ್ಟಿರಬೇಕು ಅನ್ನಿಸಿ ಹವಾಮಾನ ಇಲಾಖೆಯ ಅಂಕಿ ತೆಗೆದು ನೋಡಿದೆ. ಆ 24 ಗಂಟೆಯಲ್ಲಿ ಕುರ್ಲಾ ಕಡೆಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಫೋರ್ಟ್‌ಗೆ ಅಂಟಿಕೊಂಡಿರುವ ಕೊಲಾಬಾದಲ್ಲಿ ಬರೀ 73! ಬರಹಕ್ಕೆ ಜೀವ ಬಂದಿದ್ದೇ ಅಲ್ಲಿ. ಅತ್ತ ಮಿಠಿ ನದಿ ಉಕ್ಕಿ ಕುರ್ಲಾದ ಮನೆಗಳಿಗೆ ನುಗ್ಗುತ್ತಿದೆ, ಇತ್ತ ಇವರು ಏನೂ ಗೊತ್ತಿಲ್ಲದೆ ಗಿರಾಕಿಗಳಿಗೆ ಚಿಲ್ಲರೆ ಎಣಿಸಿಕೊಡುತ್ತಾ ಕೂತಿದ್ದಾರೆ. ನಾನು ಮನೆಯಲ್ಲಿ ಕೂತು ಕಲ್ಪಿಸಿದ್ದರೆ ಬೆಳಗಿನಿಂದಲೇ ಫೋರ್ಟ್ ಮೇಲೆ ಕರಿಮೋಡ ತಂದು ನಿಲ್ಲಿಸಿರುತ್ತಿದ್ದೆ.

"ಹೇಗನ್ನಿಸಿತು" ಅಂತ ಕೇಳಿದರೆ ಯಾರೇ ಆದರೂ "ಹೆದರಿಕೆ ಆಯ್ತು" ಅಂತಾರೆ, ಮುಗೀತು. ಅದಕ್ಕೇ ನಾನು ಕಾಲಲ್ಲಿ ಏನಿತ್ತು, ಕೈಯಲ್ಲಿ ಏನಿತ್ತು, ಸಾಯನ್‌ನಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಕೇಳುತ್ತೇನೆ. ಲೋಕಲ್ ಟ್ರೇನ್ ನಿಂತಿದ್ದರಿಂದ ಅವರು ನಡೆದೇ ಹೋಗಿದ್ದರು. ಬರಹಕ್ಕಾಗಿ ಆಮೇಲೆ ನಾನೂ ಅವರ ಜೊತೆ ದಾದರ್, ಮಾಟುಂಗಾ, ಸಾಯನ್ ಅಂತ ಅದೇ ದಾರಿ ನಡೆದೆ. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡ ಜಾಗ ಅವರಿಗೆ ನೆನಪಾಗಿದ್ದು ದಾರಿಯಲ್ಲೇ, ಹೋಟೆಲಲ್ಲಿ ಚಹಾ ಕುಡೀತಾ ಕೂತಾಗ ಅಲ್ಲ.

ಸಂಭಾಷಣೆ ಬರೆಯುವುದರಲ್ಲಿ ನಾನು ಮಹಾ ಜಿಪುಣ. ಗಂಡ ಹೆಂಡತಿಯನ್ನು ಬೇರೆ ಬೇರೆ ಕೇಳಿ, ಇಬ್ಬರೂ ಒಂದೇ ಮಾತು ಹೇಳಿದರೆ ಮಾತ್ರ ಅದು ಸಂಭಾಷಣೆಯಾಗಿ ಬರುತ್ತೆ. ಮನೆ ಮುಟ್ಟಿದ್ದು ನಡುರಾತ್ರಿ ಅಂತ ಅವರು, ಬೆಳಗಾಗಿತ್ತು ಅಂತ ಅವರ ಹೆಂಡತಿ. ತೀರ್ಪು ಕೊಡಲು ಹೋಗದೆ ಎರಡನ್ನೂ ಬರೆದೆ. ಓದಿದವರು ಜಾಸ್ತಿ ಮಾತಾಡಿದ್ದು ಆ ಜಗಳದ ಬಗ್ಗೆಯೇ.

ನಾಲ್ಕು ಜನರ ಕಷ್ಟ ಸೇರಿಸಿ ಒಬ್ಬನನ್ನು ಮಾಡಿಬಿಡು, ಯಾರಿಗೆ ಗೊತ್ತಾಗುತ್ತೆ ಅಂತ ಸ್ನೇಹಿತರೊಬ್ಬರು ಹೇಳಿದರು. ಗೊತ್ತಾಗುತ್ತೆ. ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರ್ತಿ ಜಾನೆಟ್ ಕುಕ್, ಇಲ್ಲದ ಎಂಟು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿ ಬರೆದರು, ಅದಕ್ಕೆ 1981ರಲ್ಲಿ ಬಂದ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿಯನ್ನು ವಾಪಸ್ ಕೊಡಬೇಕಾಯಿತು. ನಾನು ಬದಲಿಸಿದ್ದು ಹೆಸರೊಂದೇ, ಅದನ್ನೂ ಮೊದಲ ಪ್ಯಾರಾದಲ್ಲೇ ಓದುಗರಿಗೆ ಹೇಳಿದೆ.