ದೊಡ್ಡ ಬಿಡಿಮನೆ ಕೊಳ್ಳುವ ಮುನ್ನ ನೀರಿನ ಜಾಡು ಹಿಡಿದು ನೋಡಿ

ಸಂತೆ ಊರಿನ ಹೊರವಲಯದಲ್ಲಿ, ನಾಲ್ಕೂ ಕಡೆ ಜಾಗ ಬಿಟ್ಟು ಕಟ್ಟಿದ ದೊಡ್ಡ ಮನೆಯೊಂದು ಮಾರಾಟಕ್ಕಿದೆ ಎಂದು ನೋಡಲು ಹೋದವರ ಕಣ್ಣು ಮೊದಲು ಹಾಲ್, ಅಡುಗೆಮನೆ, ಕೋಣೆಗಳ ಮೇಲೆ ಬೀಳುತ್ತದೆ. ಅವು ಮನಸ್ಸಿಗೆ ಹಿಡಿಸಿದವೆಂದರೆ ಮಿಕ್ಕದ್ದು ಕಾಣುವುದೇ ಇಲ್ಲ. ಇಂಥ ಮನೆಯನ್ನು ಮಳೆನೀರು ಸೂರಿನ ಮೇಲೆ ಬಿದ್ದಲ್ಲಿಂದ ಚರಂಡಿ ಸೇರುವವರೆಗೆ ಅದರ ಜಾಡು ಹಿಡಿದು ನೋಡಬೇಕು. ಕಟ್ಟಡಕ್ಕೆ ಬರುವ ಕೆಡುಕಿನಲ್ಲಿ ಹೆಚ್ಚಿನದು ನೀರಿನಿಂದಲೇ ಬರುವಂಥದ್ದು. ಸಾಲುಮನೆಗೆ ಮುಂದಿನ ಮತ್ತು ಹಿಂದಿನ ಗೋಡೆ ನೆನೆದರೆ, ಬಿಡಿಮನೆಗೆ ನಾಲ್ಕೂ ಗೋಡೆ ನೆನೆಯುತ್ತವೆ. ಚಾವಣಿ ದೊಡ್ಡದು, ಪೈಪು ಉದ್ದ, ರಿಪೇರಿ ಖರ್ಚೆಲ್ಲ ಒಬ್ಬರ ತಲೆಯ ಮೇಲೆಯೇ.

ಕನಿಷ್ಠ ಮೂರು ಸಲ ಹೋಗಿ: ಒಮ್ಮೆ ಒಳ್ಳೆ ಬೆಳಕಿನಲ್ಲಿ, ಒಮ್ಮೆ ಜೋರು ಮಳೆಯಾದ ಮರುದಿನ, ಒಮ್ಮೆ ಸಂತೆ ದಿನ ನಸುಕಿನಲ್ಲಿ. ಲಾರಿಗಳು ಎಷ್ಟು ಹೊತ್ತಿಗೆ ಬರುತ್ತವೆ, ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸುತ್ತಾರೆಯೇ ಎಂಬುದು ಬೇರೆ ದಿನ ಹೋದರೆ ಗೊತ್ತಾಗುವುದಿಲ್ಲ. ಕೈಯಲ್ಲಿ ಟಾರ್ಚ್, ಅಳತೆ ಟೇಪ್, ರಸಮಟ್ಟ, ಸ್ಕ್ರೂಡ್ರೈವರ್, ಪೆನ್ಸಿಲ್, 10 ಲೀಟರಿನ ಬಕೆಟ್, ಒಂದಡಿ ಚದರದ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ ಇರಲಿ.

ಚಾವಣಿ

ಮೊದಲು ಮೇಲಕ್ಕೆ ಹತ್ತಿ. ತಾರಸಿಯಾದರೆ ಎತ್ತರದ ಬದಿಯಲ್ಲಿ ಒಂದು ಬಕೆಟ್ ನೀರು ಸುರಿದು ಅದು ಹೋಗುವ ದಾರಿ ನೋಡಿ. 80 ಸೆಂ.ಮೀ. ಉದ್ದಕ್ಕೆ ಕನಿಷ್ಠ 1 ಸೆಂ.ಮೀ. ಇಳಿಜಾರು ಇರಬೇಕು, ಅದಕ್ಕಿಂತ ಕಡಿಮೆಯಾದರೆ ನೀರು ಅಲ್ಲಲ್ಲೇ ನಿಲ್ಲುತ್ತದೆ. ಮಳೆ ನಿಂತು ಎರಡು ದಿನವಾದರೂ ನೀರಿದ್ದರೆ, ಅಥವಾ ನೀರು ಒಣಗಿದ ಜಾಗದಲ್ಲಿ ಕಪ್ಪು ಉಂಗುರದಂಥ ಗುರುತಿದ್ದರೆ, ಅದರ ಕೆಳಗಿನ ಕೋಣೆ ಯಾವುದೆಂದು ಬರೆದಿಟ್ಟುಕೊಂಡು ಆಮೇಲೆ ಅಲ್ಲಿನ ಸೀಲಿಂಗನ್ನು ಟಾರ್ಚ್ ಹಿಡಿದು ನೋಡಿ. ಬಯಲಾದ ತಾರಸಿಗಿಂತ ಹೆಚ್ಚು ಸೋರುವುದು ಅಂಚುಗಳು: ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ, ನೀರಿಳಿಯುವ ಪೈಪಿನ ಬಾಯಿ, ಟ್ಯಾಂಕಿನ ಕಟ್ಟೆಯ ಬುಡ.

ಹೆಂಚಿನ ಮಾಡಾದರೆ ಒಳಗಿನಿಂದ ನೋಡಿ. ದೀಪ ಆರಿಸಿ ನಿಂತರೆ ಬಿಸಿಲು ತೂರಿ ಬರುವ ಕಿಂಡಿಗಳೆಲ್ಲ ತಾವಾಗಿ ಕಾಣುತ್ತವೆ. ಮರದ ತೊಲೆಗಳ ನಡುಭಾಗ ಗಟ್ಟಿಯಾಗಿರುವುದನ್ನು ಕಂಡು ನಿರಾಳವಾಗಬೇಡಿ. ಗೋಡೆಯೊಳಗೆ ಹುದುಗಿದ ತುದಿಯೇ ಮೊದಲು ಕೊಳೆಯುವುದು, ಏಕೆಂದರೆ ಗೋಡೆಯ ತೇವವನ್ನು ಅದು ಹೀರುತ್ತಲೇ ಇರುತ್ತದೆ, ಗಾಳಿ ಮಾತ್ರ ಸಿಗುವುದಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಳ್ಳೆ ಮರ ಒಪ್ಪುವುದಿಲ್ಲ. ಕೊಳೆತದ್ದಕ್ಕೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ ಗೋಡೆ ಹತ್ತಿ ತೊಲೆ ಸೇರಿದ್ದರೆ ಅದು ಗೆದ್ದಲಿನ ದಾರಿ. ಒಡೆದು ನೋಡಿ. ಒಳಗೆ ಹುಳ ಕಾಣದಿದ್ದರೂ ಮರದ ಒಳಭಾಗ ಟೊಳ್ಳಾಗಿದೆಯೇ ಎಂದು ತಟ್ಟಿ ಪರೀಕ್ಷಿಸಬೇಕು.

ಗೋಡೆಯ ತೇವ

ಹೆಚ್ಚು ಜನ ಮೋಸ ಹೋಗುವುದು ಇಲ್ಲಿ. ತೇವ ಮೂರು ಬಗೆಯದು, ಮೂರಕ್ಕೂ ಮದ್ದು ಬೇರೆ, ಖರ್ಚೂ ಬೇರೆ.

ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರಿಗಿಂತ ಮೇಲೆ ಹೋಗುವುದಿಲ್ಲ. ಅದು ನಿಂತ ಎತ್ತರದಲ್ಲಿ ಅಲೆಅಲೆಯಾದ ಗೆರೆ, ಗೆರೆಯ ಉದ್ದಕ್ಕೂ ಬಿಳಿ ಉಪ್ಪಿನ ಪುಡಿ. ಬೆರಳಿನಿಂದ ಒರೆಸಿದರೆ ಹಿಟ್ಟಿನಂತೆ ಅಂಟುತ್ತದೆ. ಅದರ ಕೆಳಗಿನ ಗಾರೆಯನ್ನು ತಟ್ಟಿದರೆ ಡಬಡಬ ಎನ್ನುತ್ತದೆ. ಕಾರಣ ಹುಡುಕಲು ಗೋಡೆಯ ಹೊರಮಗ್ಗುಲಿಗೆ ಹೋಗಿ. ತೇವ ತಡೆಯುವ ಡಿಪಿಸಿ ಪದರ ಹೊರಗಿನ ನೆಲಕ್ಕಿಂತ ಕನಿಷ್ಠ 150 ಮಿ.ಮೀ. ಮೇಲಿರಬೇಕು. ಹೂವಿನ ಪಾತಿಗೆಂದು ಮಣ್ಣು ಏರಿಸಿ, ಅಂಗಳಕ್ಕೆ ಮತ್ತೊಂದು ಪದರ ಕಲ್ಲು ಹಾಸಿ ಆ ಅಂತರವನ್ನು ಮುಚ್ಚಿಬಿಟ್ಟಿರುವುದು ಬಲು ಸಾಮಾನ್ಯ. ಹಾಗಿದ್ದರೆ ಮಣ್ಣು ತಗ್ಗಿಸಿದರೆ ಅರ್ಧ ಕೆಲಸ ಮುಗಿಯಿತು. ಪದರವೇ ಇಲ್ಲದಿದ್ದರೆ ಅದು ದೊಡ್ಡ ಖರ್ಚು.

ತೇವದ ಕಲೆ ಎತ್ತರದಲ್ಲಿದ್ದು, ಮಳೆಯ ಮರುದಿನ ಬಣ್ಣ ಗಾಢವಾದರೆ ಅದು ಹೊರಗಿನಿಂದ ನುಗ್ಗಿದ ನೀರು. ಮಳೆಯಿದ್ದರೂ ಇಲ್ಲದಿದ್ದರೂ ಒಂದೇ ಸಮ ಇದ್ದರೆ ಒಡೆದ ಪೈಪು ಇರಬಹುದು, ಆ ಗೋಡೆಯ ಹಿಂದೆ ಸ್ನಾನದ ಮನೆ ಇದೆಯೇ ನೋಡಿ.

ಮೂರನೆಯದು ಕೋಣೆಯ ಗಾಳಿಯಲ್ಲಿನ ಆವಿಯೇ ತಣ್ಣನೆ ಗೋಡೆಗೆ ತಗುಲಿ ನೀರಾಗುವುದು. ಮೂಲೆಗಳಲ್ಲಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಕಟ್ಟುವುದು ಹೀಗೆ. ಗುರುತಿಸುವುದು ಸುಲಭ: ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಾಕಿ 24ರಿಂದ 48 ಗಂಟೆ ಬಿಡಿ. ಹನಿಗಳು ಹಾಳೆಯ ಮೇಲ್ಮೈಯಲ್ಲಿದ್ದರೆ ಕೋಣೆಯ ಆವಿ, ಅದಕ್ಕೆ ಗಾಳಿಯಾಡುವಂತೆ ಮಾಡಿದರೆ ಸಾಕು. ಹನಿ ಹಾಳೆಯ ಹಿಂದೆ, ಗೋಡೆಯ ಕಡೆಗಿದ್ದರೆ ಗೋಡೆಯೇ ನೆನೆದಿದೆ.

ಮನೆಯಿಡೀ ಹಳೆ ಬಣ್ಣ, ಒಂದೇ ಗೋಡೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣವೋ ಮರದ ಹಲಗೆಯೋ ಇದ್ದರೆ ಅದರ ಹಿಂದೆ ಏನಿದೆ ಎಂದು ನೇರವಾಗಿ ಕೇಳಿ. ಗೋಡೆಗೊತ್ತಿ ನಿಂತ ಬೀರು, ಸೋಫಾಗಳನ್ನು ಸರಿಸಿ ನೋಡಲು ಸಂಕೋಚಪಡಬೇಡಿ.

ಬಿರುಕು

ಬಿರುಕು ಕಂಡ ತಕ್ಷಣ ಹಿಂಜರಿಯಬೇಕಿಲ್ಲ. ಕೂದಲೆಳೆಯಂಥವು ಗಾರೆ ಒಣಗುವಾಗ ಆದವು. 5 ಮಿ.ಮೀ. ಒಳಗಿನದನ್ನು ಸಾಮಾನ್ಯವಾಗಿ ತುಂಬಿ ಬಣ್ಣ ಹೊಡೆಯಬಹುದು. 5ರಿಂದ 15 ಮಿ.ಮೀ. ಇದ್ದರೆ ಇಟ್ಟಿಗೆ ಬಿಚ್ಚಿ ಕಟ್ಟಬೇಕಾಗಬಹುದು, ಬಾಗಿಲು ಕಿಟಕಿ ಸಿಕ್ಕಿಹಾಕಿಕೊಳ್ಳುತ್ತವೆ. 25 ಮಿ.ಮೀ. ದಾಟಿದರೆ ಆ ಭಾಗವನ್ನೇ ಹೊಸದಾಗಿ ಕಟ್ಟುವ ಮಾತು. ಆದರೆ ಅಗಲಕ್ಕಿಂತ ಮುಖ್ಯವಾದದ್ದು ಆಕಾರ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ ಅಗಲವಾಗಿ, ಗೋಡೆಯ ಒಳಗೂ ಹೊರಗೂ ಅದೇ ಜಾಗದಲ್ಲಿ ಕಂಡರೆ ಅಡಿಪಾಯ ಒಂದು ಕಡೆ ಕುಸಿದಿದೆ ಎಂದು ತಿಳಿಯಿರಿ. ಬಿರುಕಿನೊಳಗೆ ಟಾರ್ಚ್ ಬಿಟ್ಟು ನೋಡಿ: ಹಳೆ ಬಣ್ಣ, ಜೇಡರ ಬಲೆ, ದೂಳು ಕೂತಿದ್ದರೆ ಕುಸಿತ ನಿಂತು ಕಾಲವಾಗಿದೆ. ಅಂಚು ಚೂಪಾಗಿ ಒಳಗೆಲ್ಲ ಸ್ವಚ್ಛವಾಗಿದ್ದರೆ ಅದಿನ್ನೂ ಬೆಳೆಯುತ್ತಿದೆ; ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂಗಡ ಕೊಡಬೇಡಿ.

ದೊಡ್ಡ ಮನೆಗಳು ಒಂದೇ ಸಲಕ್ಕೆ ಕಟ್ಟಿದವಾಗಿರುವುದು ಅಪರೂಪ. ಹಳೆಯ ಭಾಗ ಕೂತು ಮುಗಿದ ಮೇಲೆ ಸೇರಿಸಿದ ಹೊಸ ಭಾಗ ಆಮೇಲೆ ಕೂರುತ್ತದೆ, ಹಾಗಾಗಿ ಎರಡೂ ಕೂಡುವಲ್ಲಿ ನೆಟ್ಟಗೆ ಮೇಲಿಂದ ಕೆಳಕ್ಕೆ ಬಿರುಕು ಬಿಡುತ್ತದೆ. ಅಲ್ಲಿಂದಲೇ ನೀರೂ ಇಳಿಯುತ್ತದೆ. ಆ ಹೊಸ ಭಾಗ ಅನುಮೋದಿತ ನಕ್ಷೆಯಲ್ಲಿದೆಯೇ ಎಂದು ಅಂದೇ ವಿಚಾರಿಸಿ.

ಕಾಂಕ್ರೀಟ್ ತೊಲೆ, ಸಜ್ಜಾಗಳಲ್ಲಿ ಕಂಬಿಯ ಉದ್ದಕ್ಕೂ ನೇರ ಬಿರುಕು, ಕಂದು ಕಲೆ ಇದ್ದರೆ ಒಳಗೆ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಕಾಂಕ್ರೀಟ್ ಸಿಡಿಯುವುದು. ಮೇಲೆ ಗಾರೆ ಮೆತ್ತಿದರೆ ನಿಲ್ಲುವುದಿಲ್ಲ. ಕಂಬಿ ಬಿಡಿಸಿ ತುಕ್ಕು ತೆಗೆದೇ ಸರಿಪಡಿಸಬೇಕು.

ನಲ್ಲಿ, ಚರಂಡಿ, ವೈರಿಂಗ್

ಮೇಲಂತಸ್ತಿನಲ್ಲಿ, ಟ್ಯಾಂಕಿನಿಂದ ದೂರದ ನಲ್ಲಿಯಡಿ ಬಕೆಟ್ ಇಡಿ. 10 ಲೀಟರ್ ಒಂದು ನಿಮಿಷದಲ್ಲಿ ತುಂಬಿದರೆ ಚೆನ್ನ. ಹಾಗೇ ಇನ್ನೊಂದು ನಲ್ಲಿಯನ್ನೂ ಬಿಡಿಸಿ. ಮೊದಲನೆಯದು ದಾರದಂತಾದರೆ ಮನೆತುಂಬ ಜನವಿದ್ದಾಗ ಬೆಳಗಿನ ಪಾಡು ಏನೆಂದು ಊಹಿಸಬಹುದು. ಮೊದಲ ನೀರು ಕಂದಾಗಿ ಬಂದರೆ ಹಳೆ ಕಬ್ಬಿಣದ ಪೈಪಿನ ಒಳಗೆ ತುಕ್ಕು ಕಟ್ಟಿದೆ, ಪೈಪು ಬದಲಿಸುವ ಲೆಕ್ಕ ಹಾಕಿಕೊಳ್ಳಿ. ಆಮೇಲೆ ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ. ಟ್ಯಾಂಕ್ ತುಂಬಿದ್ದೂ ಮುಳ್ಳು ತಿರುಗುತ್ತಿದ್ದರೆ ನೆಲದಡಿಯಲ್ಲಿ ಎಲ್ಲೋ ಸೋರುತ್ತಿದೆ.

ಚರಂಡಿಯ ಮುಚ್ಚಳಗಳನ್ನು ತೆರೆಸಿ, ಒಳಗೆ ಯಾರಾದರೂ ಶೌಚಾಲಯದ ನೀರು ಬಿಡಲಿ. ನೀರು ತಡೆಯಿಲ್ಲದೆ ಹರಿದುಹೋಗಬೇಕು, ಹಿಂದಕ್ಕೆ ಏರಬಾರದು. ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದರು, ಲಾರಿ ಅಲ್ಲಿಗೆ ಹೋಗುತ್ತದೆಯೇ ಕೇಳಿ. ಬಾವಿ ಅದಕ್ಕೆ 50 ಅಡಿಗಿಂತ ಹತ್ತಿರವಿದ್ದರೆ ಆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಕುಡಿಯಬೇಡಿ.

ವೈರಿಂಗ್‌ಗೆ ಎಲೆಕ್ಟ್ರಿಷಿಯನ್ ಬೇಕೇ ಬೇಕು. ನೀವು ನೋಡಬಹುದಾದದ್ದು ಇಷ್ಟು: ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟ್ ಕಡಿಯುತ್ತದೆಯೇ, ಸುಟ್ಟ ಗುರುತಿರುವ ಸಾಕೆಟ್ ಎಷ್ಟಿವೆ.

ಅಳತೆ ಮತ್ತು ಲೆಕ್ಕ

ನಿವೇಶನದ ನಾಲ್ಕು ಬದಿಗಳ ಜೊತೆಗೆ ಎರಡು ಕರ್ಣಗಳನ್ನೂ ಅಳೆದು ಕಾಗದದ ಅಳತೆಗೆ ಹೋಲಿಸಿ. ಬದಿಗಳು ಸರಿಯಿದ್ದೂ ಮೂಲೆ ಓರೆಯಾದರೆ ಜಾಗ ಕಡಿಮೆಯಾಗುತ್ತದೆ, ಅದು ಕರ್ಣ ಅಳೆದಾಗ ಮಾತ್ರ ಹೊರಬೀಳುತ್ತದೆ. ಪಕ್ಕದವರಿಗೆ ನಿಮ್ಮ ಅಂಗಳದಲ್ಲಿ ಹಾದುಹೋಗುವ ಹಕ್ಕಿದೆಯೇ, ಅವರ ಮಳೆನೀರು ನಿಮ್ಮ ಕಡೆ ಹರಿಯುತ್ತದೆಯೇ ಎಂಬುದನ್ನು ವಕೀಲರ ಮೂಲಕ ಪತ್ರಗಳಲ್ಲಿ ಖಚಿತಪಡಿಸಿಕೊಳ್ಳಿ.

ಕಂಡ ದೋಷಗಳಿಗೆಲ್ಲ ಗುತ್ತಿಗೆದಾರರಿಂದ ಅಂದಾಜು ಬರೆಸಿಕೊಂಡು ಬೆಲೆಯ ಮಾತಿಗೆ ಕೂತುಕೊಳ್ಳಿ. ರಿಪೇರಿಯೂ ನೀರಿನ ಕ್ರಮದಲ್ಲೇ ಸಾಗಲಿ: ಚಾವಣಿ, ನೀರಿಳಿಯುವ ಪೈಪು, ಚರಂಡಿ, ಆಮೇಲೆ ಗೋಡೆ. ನೆನೆದ ಗೋಡೆ ಒಣಗಲು ಪ್ರತಿ ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಒಂಬತ್ತು ಇಂಚಿನ ಗೋಡೆಗೆ ಒಂಬತ್ತು ತಿಂಗಳು. ಅಷ್ಟು ಕಾಯದೆ ಹೊಸ ಗಾರೆ ಹಾಕಿ ಬಣ್ಣ ಬಳಿದರೆ ಬಣ್ಣ ಗುಳ್ಳೆ ಎದ್ದು ಉದುರುತ್ತದೆ.